ಮೈಲೊನ ಮೂರು ತಿಂಗಳ ಕಾರ್ಡು

ಮೊದಲು ಒಂದು ಮಾತು. ನಿನ್ನೆ ನಮ್ಮ ಡ್ರೈವರುಗಳ ಈ ಫೋನ್ ಗುಂಪಿನಲ್ಲಿ ಒಬ್ಬ ಮಹಾಶಯ ಬರೆದಿದ್ದಾನೆ: "ಓರಿನ್ ಮುದುಕನಿಗೆ ಎಂಬತ್ತು ದಾಟಿತು, ಬೆಳಗ್ಗೆ ತಿಂದದ್ದು ನೆನಪಿರಲ್ಲ, ಹನ್ನೊಂದು ವರ್ಷದ ಹಿಂದಿನ ಬಿಪಿ ಹೇಳೋಕೆ ಬರ್ತಾನೆ." ಹೆಸರು ಹೇಳುವುದಿಲ್ಲ, ಅವನಿಗೇ ಗೊತ್ತು. ಬೆಳಗ್ಗೆ ತಿಂದದ್ದು ಓಟ್ಸ್ ಗಂಜಿ ಕಣಯ್ಯಾ, ಉಪ್ಪಿಲ್ಲದೆ. ಸಾಕಾ? ಜನವರಿ ಒಂಬತ್ತು, ಶುಕ್ರವಾರ, ನನ್ನ ಗೆಳೆಯ ಮೈಲೊನ ಬಿಪಿ ನೂರಾ ಅರವತ್ತೆಂಟು, ಕೆಳಗಡೆ ನೂರಾ ಎರಡು. ನನ್ನ ಹೆಂಡತಿಯ ಹುಟ್ಟಿದ ದಿನ ಮರೆತಿದ್ದೇನೆ, ಮನೆ ಬೀಗದ ಕೈ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತೇನೆ, ಆದರೆ ಈ ಅಂಕಿಗಳು ಹೋಗುವುದಿಲ್ಲ. ಹೋಗಲಿ ಅಂತ ನಾನೂ ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಅನುಮಾನ ಇದ್ದವರು ಇಲ್ಲೇ ಫೋನ್ ಕೆಳಗಿಡಿ, ಹೋಗಿ ಟಿವಿ ನೋಡಿ.

ಇದ್ದೀರಾ? ಸರಿ.

ಮೊನ್ನೆ ಒಬ್ಬ ಹೊಸ ಡ್ರೈವರ್ ಈ ಗುಂಪಿನಲ್ಲಿ ಕೇಳಿದ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಏನು ಮಾಡಲಿ ಅಂತ. ತಕ್ಷಣ ನಾಲ್ಕು ಜನ ಉತ್ತರ ಕೊಟ್ಟಿರಿ: ಹುಳಿನೀರು ಕುಡಿ. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಮೈಲೊ ಶಿಮೆಕ್‌ನ ಕಥೆ ಬಾಯಲ್ಲೇ ಹೇಳಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಮಧ್ಯೆ ಕೆಮ್ಮುತ್ತೇನೆ, ಸಹಿಸಿಕೊಳ್ಳಿ.

ಮೈಲೊ ಮತ್ತು ನಾನು ಆರು ವರ್ಷ ಒಂದೇ ಕಂಪನಿ, ಒಂದೇ ರಸ್ತೆ. ನೆಬ್ರಾಸ್ಕದ ಮಾಂಸದ ಕಾರ್ಖಾನೆಯಿಂದ ಡೆನ್ವರ್‌ಗೆ ಹೋಗುವುದು, ಖಾಲಿ ವಾಪಸ್ ಬರುವುದು. ಅವನ ಗಾಡಿ ಮುಂದೆ, ನನ್ನದು ಹಿಂದೆ. ಆಗ ಅವನಿಗೆ ಐವತ್ತೊಂಬತ್ತು, ನನಗೆ ಎಪ್ಪತ್ತು. ಡೀಸೆಲ್ ಹಾಕಿಸುವ ಒಂದು ಜಾಗದಲ್ಲಿ ದಿನಾ ಮಧ್ಯಾಹ್ನ ನಿಲ್ಲುತ್ತಿದ್ದೆವು. ಅಲ್ಲಿ ಒಂದೇ ಗೋಡೆಗೆ ಎರಡು ಅಂಗಡಿ. ಎಡಗಡೆ ಸ್ಯಾಂಡ್‌ವಿಚ್ ಅಂಗಡಿ, ಅಲ್ಲಿ ಕೌಂಟರ್ ಹಿಂದೆ ಡಾರ್ಲಾ ಎಂಬ ಹೆಂಗಸು. ಬಲಗಡೆ ಮಿಸೆಸ್ ಲಿನ್ ಅವರ ಚೀನೀ ಊಟದ ಅಂಗಡಿ. ಮುಂದೆ ನಾಲ್ಕು ಪ್ಲಾಸ್ಟಿಕ್ ಮೇಜು, ಎರಡೂ ಅಂಗಡಿಗೆ ಸೇರಿದ್ದು. ಮೈಲೊ ಎಡಗಡೆಯಿಂದ ತರುತ್ತಿದ್ದ, ನಾನು ಬಲಗಡೆಯಿಂದ. ಜಗಳ ಮಧ್ಯದಲ್ಲಿ.

ಆ ಜನವರಿ ಒಂಬತ್ತನೇ ತಾರೀಕು ಮೈಲೊನ ಮೆಡಿಕಲ್ ಪರೀಕ್ಷೆ. ಗುಂಪಿನಲ್ಲಿ ನಿಮ್ಮ ಹೆಂಡತಿಯರೂ ಕೇಳುತ್ತಾರೆ, ಅವರಿಗಾಗಿ ಹೇಳುತ್ತೇನೆ: ಅದರಲ್ಲಿ ಪಾಸಾದರೆ ಸಿಗುವ ಕಾರ್ಡ್ ಜೇಬಿನಲ್ಲಿ ಇಲ್ಲದಿದ್ದರೆ ನಾವು ಹದಿನೆಂಟು ಚಕ್ರದ ಗಾಡಿ ಮುಟ್ಟುವ ಹಾಗಿಲ್ಲ. ನೂರಾ ಅರವತ್ತೆಂಟು ಬಂತಲ್ಲ, ಪರೀಕ್ಷೆ ಮಾಡಿದಾಕೆ ಮೂರು ತಿಂಗಳ ಕಾರ್ಡ್ ಕೊಟ್ಟಳು. ಏಪ್ರಿಲ್ ಒಂಬತ್ತರೊಳಗೆ ನೂರಾ ನಲವತ್ತಕ್ಕೆ ಇಳಿಯಬೇಕು. ಆ ಮೂರು ತಿಂಗಳು ಒಂದೇ ಸಲ ಸಿಗುವುದು. ಎರಡನೇ ಸಲ ಇಲ್ಲ.

ಗಾಡಿ ಹೋದರೆ ಹೋಗಲಿ, ಇನ್ನೊಂದು ಕೆಲಸ ಹುಡುಕೋಣ ಎನ್ನುವ ಸ್ಥಿತಿಯಲ್ಲಿ ಅವನಿರಲಿಲ್ಲ. ಅವನ ಹೆಂಡತಿ ವರ್ನಾಗೆ ನರದ ಕಾಯಿಲೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತನಾಳಕ್ಕೆ ಒಂದು ಔಷಧಿ ಹತ್ತಿಸಿಕೊಂಡು ಬರಬೇಕು. ಅದಿದ್ದರೆ ಕೋಲು ಹಿಡಿದು ನಡೆಯುತ್ತಾಳೆ. ಅದು ತಪ್ಪಿದರೆ ಕಾಲು ಹೋಗುತ್ತದೆ, ಹೋದದ್ದು ಬರುತ್ತದೆಂದು ಯಾರೂ ಹೇಳುವುದಿಲ್ಲ. ಆ ಔಷಧಿಯ ಬೆಲೆ ನಮ್ಮಂಥವರು ಕೈಯಿಂದ ಕೊಡುವ ಬೆಲೆಯಲ್ಲ. ಅದು ಬರುತ್ತಿದ್ದುದು ಮೈಲೊನ ಕಂಪನಿಯ ಇನ್ಶೂರೆನ್ಸಿನಿಂದ. ಅವನ ಕಾರ್ಡ್ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ವರ್ನಾಳ ಕಾಲು ಹೋಯಿತು. ಅಷ್ಟು ನೇರ.

ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟರು. ಒಂದು ಮೂತ್ರ ಹೋಗಿಸುವ ಮಾತ್ರೆ. ತೂಕ ಇಳಿಸು, ಊಟ ನೋಡಿಕೋ ಎಂದರು. ಮನೆಯಿಂದ ಬುತ್ತಿ ತರಬಹುದಿತ್ತಲ್ಲ ಅಂತ ಕೇಳುತ್ತೀರಿ. ವರ್ನಾಗೆ ಒಲೆ ಮುಂದೆ ಐದು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಮೈಲೊನ ಅಡುಗೆ ಎಂದರೆ ಡಬ್ಬಿ ತೆರೆಯುವುದು.

ಮರುದಿನದಿಂದ ಅವನು ಶುರುಮಾಡಿದ. ಸ್ಯಾಂಡ್‌ವಿಚ್ ಅಂಗಡಿಯ ಬೋರ್ಡಿನಲ್ಲಿ ಒಂದೊಂದರ ಪಕ್ಕ ಕ್ಯಾಲರಿ ಬರೆದಿತ್ತು. ಟರ್ಕಿ ಕೋಳಿ ಸ್ಯಾಂಡ್‌ವಿಚ್‌ನ ಪಕ್ಕ ಮುನ್ನೂರ ಎಂಬತ್ತು, ಜೊತೆಗೆ ಒಂದು ಹಸಿರು ಎಲೆಯ ಗುರುತು.

"ಓದು, ಬೋರ್ಡಲ್ಲಿ ಏನಿದೆ ಓದು," ಎಂದ ಮೈಲೊ, ತನ್ನ ಸ್ಯಾಂಡ್‌ವಿಚ್ಚನ್ನು ನನ್ನ ಮೂಗಿನ ಮುಂದೆ ಹಿಡಿದು. "ಮುನ್ನೂರ ಎಂಬತ್ತು. ನಿನ್ನ ತಟ್ಟೇಲಿ ಇರೋದಕ್ಕೆ ನಂಬರ್ ಇದೆಯೇನೋ ಮುದುಕಾ?"

"ನನ್ನ ತಟ್ಟೇಲಿ ರುಚಿ ಇದೆ ಮಾರಾಯ. ನಿಂದು ತಣ್ಣಗಿರೋ ರಟ್ಟು ತಿಂದಂಗೆ."

"ಸಕ್ಕರೆ ಪಾಕದಲ್ಲಿ ಅದ್ದಿ ಎಣ್ಣೇಲಿ ಕರಿದ ಕೋಳಿ ತಿಂದು ನೀನು ಎಪ್ಪತ್ತರವರೆಗೆ ಹೆಂಗೆ ಬದುಕಿದ್ದೀಯೋ, ದೇವರಿಗೇ ಗೊತ್ತು."

ಮಿಸೆಸ್ ಲಿನ್ ಮೇಜು ಒರೆಸುತ್ತಾ ಬಂದವರು ನಿಂತರು. ಗಿಡ್ಡ ಹೆಂಗಸು, ಐವತ್ತೈದರ ಆಸುಪಾಸು, ಚೀನಾದ ಫುಜಿಯಾನ್ ಕಡೆಯವರು. ನನಗೆ ಅಜ್ಜ ಎನ್ನುತ್ತಿದ್ದರು, ಮೈಲೊಗೆ ದೊಡ್ಡಣ್ಣ. "ನಂಬರ್ ಬೇಕಾ ಅಜ್ಜ? ನಾನೂ ಬೋರ್ಡ್ ಬರೀತೀನಿ. ನೂರು ಅಂತ ಬರೀಲಾ, ಐವತ್ತು ಅಂತ ಬರೀಲಾ? ಹಸಿರು ಎಲೆ ಎರಡು ಹಾಕ್ತೀನಿ."

ನಕ್ಕೆವು. ಆಗ ನಗು ಬರುತ್ತಿತ್ತು.

ಒಂದು ತಿಂಗಳು ಅವನು ಆ ಸ್ಯಾಂಡ್‌ವಿಚ್ ಬಿಟ್ಟು ಬೇರೆ ಮುಟ್ಟಲಿಲ್ಲ. ಚಿಪ್ಸ್ ಇಲ್ಲ, ಸೋಡಾ ಇಲ್ಲ. ಹನ್ನೊಂದು ಪೌಂಡ್ ಇಳಿದ. ಬೆಲ್ಟಿಗೆ ಮೊಳೆ ಬಡಿದು ಹೊಸ ತೂತು ಮಾಡಿಕೊಂಡ, ಅದನ್ನು ಡಾರ್ಲಾಗೂ ತೋರಿಸಿದ. ಫೆಬ್ರವರಿ ಏಳರ ಶನಿವಾರ ದಿನಸಿ ಅಂಗಡಿಯ ಮೂಲೆಯಲ್ಲಿರುವ ಬಿಪಿ ಯಂತ್ರದ ಕುರ್ಚಿಯಲ್ಲಿ ಕೂತು ಕೈ ತೂರಿಸಿದ. ನಾನು ಪಕ್ಕದಲ್ಲೇ ಇದ್ದೆ.

ನೂರಾ ಅರವತ್ತನಾಲ್ಕು.

"ಮತ್ತೆ ಒತ್ತು," ಎಂದ.

ಒತ್ತಿದೆ. ನೂರಾ ಅರವತ್ತೈದು.

"ಮತ್ತೆ ಒತ್ತು."

"ಎರಡು ಸಲ ಆಯ್ತು ಕಣೋ ಮೈಲೊ."

"ಮತ್ತೆ ಒತ್ತು ಅಂದೆ."

ಅವನು ಕೈ ಹೊರಗೆ ತೆಗೆಯಲೇ ಇಲ್ಲ. ಹಿಂದೆ ಒಬ್ಬ ಅಜ್ಜಿ ತನ್ನ ಸರದಿಗೆ ಕಾದು ಕಾದು ಹೊರಟುಹೋದಳು. ಹನ್ನೊಂದು ಪೌಂಡ್ ಇಳಿದವನ ಮುಖ ಹಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ನಾನು ಡಾರ್ಲಾ ಹತ್ತಿರ ಹೋಗಿ, ಈ ಸ್ಯಾಂಡ್‌ವಿಚ್ಚಲ್ಲಿ ಏನೇನಿದೆ ಅಂತ ಬರೆದ ಕಾಗದ ಇದೆಯಾ ಎಂದು ಕೇಳಿದೆ. ಆಕೆ ಕೌಂಟರ್ ಕೆಳಗೆ ಬಗ್ಗಿ ಧೂಳು ಹಿಡಿದ ಒಂದು ಮಡಚಿದ ಕಾಗದ ತೆಗೆದಳು. "ಒಂಬತ್ತು ವರ್ಷದಲ್ಲಿ ಇದನ್ನ ಕೇಳಿದ್ದು ನೀವೇ ಮೊದಲು, ಬಂಗಾರ." ಡಾರ್ಲಾಗೆ ಎಲ್ಲ ಗಿರಾಕಿಗಳೂ ಬಂಗಾರವೇ.

ಅಕ್ಷರ ಇರುವೆಯಷ್ಟು. ಓದಿದೆವು. ಆ ಮುನ್ನೂರ ಎಂಬತ್ತು ಆರು ಅಂಗುಲದ್ದು. ಮೈಲೊ ತಿನ್ನುತ್ತಿದ್ದದ್ದು ಒಂದಡಿಯದ್ದು. ಅದೂ ಚೀಸ್ ಇಲ್ಲದ, ಸಾಸ್ ಇಲ್ಲದ, ಉಪ್ಪುನೀರಲ್ಲಿ ನೆನೆದ ಸೌತೆ ಬಿಲ್ಲೆ ಇಲ್ಲದ ಲೆಕ್ಕ. ಸರಿ, ಕ್ಯಾಲರಿ ದುಪ್ಪಟ್ಟಾದರೂ ತೂಕ ಇಳಿದಿತ್ತಲ್ಲ. ಬೇರೆ ಸಾಲು ನೋಡಿದೆವು. ಸೋಡಿಯಂ. ಉಪ್ಪು. ಬ್ರೆಡ್ಡಿನಲ್ಲೇ ಉಪ್ಪು, ಆ ತೆಳ್ಳನೆಯ ಟರ್ಕಿ ಮಾಂಸದಲ್ಲಿ ಅದಕ್ಕಿಂತ ಹೆಚ್ಚು, ಚೀಸಿನಲ್ಲಿ, ಸೌತೆಯಲ್ಲಿ, ಆಲಿವ್‌ನಲ್ಲಿ. ಎಲ್ಲ ಕೂಡಿಸಿ ದುಪ್ಪಟ್ಟು ಮಾಡಿದರೆ ಎರಡು ಸಾವಿರದ ಆರುನೂರು ಮಿಲಿಗ್ರಾಂ. ಡಾಕ್ಟರು ಇಡೀ ದಿನಕ್ಕೆ ಹೇಳಿದ್ದು ಒಂದು ಸಾವಿರದ ಐನೂರು.

"ಹಾಗಾದ್ರೆ ಮುದುಕಂದು ಎಷ್ಟು?" ಎಂದ ಮೈಲೊ. ಸೋಲುವುದಾದರೆ ನನ್ನನ್ನೂ ಎಳೆದುಕೊಂಡೇ ಸೋಲುವವನು ಅವನು.

ಮಿಸೆಸ್ ಲಿನ್ ಬಳಿ ಕಾಗದ ಇರಲಿಲ್ಲ. ಅವರ ಅಳತೆ ಸೌಟು. ಒಳಗೆ ಕರೆದರು. ಅವರ ಗಂಡ, ಮಾತೇ ಆಡದ ಮನುಷ್ಯ, ಒಲೆ ಮುಂದೆ ನಿಂತಿದ್ದ. ಮಿಸೆಸ್ ಲಿನ್ ಅವನ ಸೌಟು ಕಿತ್ತುಕೊಂಡು ನೀರಿನಲ್ಲಿ ಅದ್ದಿ ನಮ್ಮ ಕಾಫಿ ಚಮಚೆಗೆ ಸುರಿದು ಸುರಿದು ತೋರಿಸಿದರು. ಅಜ್ಜನ ಕೋಳಿಗೆ ಸೋಯಾ ಇಷ್ಟು, ಕಪ್ಪು ಸಾಸ್ ಇಷ್ಟು, ಕೋಳಿ ಪುಡಿ ಇಷ್ಟು. ಹುರಿದ ಅನ್ನಕ್ಕೆ ಮತ್ತೆ ಇಷ್ಟು. ನಾನು ಸೋಯಾ ಬಾಟಲಿಯ ಹಿಂದೆ ಬರೆದದ್ದನ್ನು ಓದುತ್ತಾ ಹೋದೆ, ಮೈಲೊ ರಟ್ಟಿನ ಡಬ್ಬದ ಮೇಲೆ ಪೆನ್ಸಿಲ್ಲಿನಲ್ಲಿ ಕೂಡಿಸುತ್ತಾ ಹೋದ. ಕ್ಯಾಲರಿ ಅವನ ಸ್ಯಾಂಡ್‌ವಿಚ್ಚಿನ ಎರಡರಷ್ಟು. ಉಪ್ಪು ಮೂರು ಸಾವಿರ.

"ನೀನೇ ಗೆದ್ದೆ ಕಣೋ," ಎಂದೆ.

ಅವನು ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟ. "ಅದೂ ಉಪ್ಪು, ಇದೂ ಉಪ್ಪು. ಡಬ್ಬಿ ಸೂಪೂ ಉಪ್ಪು. ಹಾಗಾದ್ರೆ ನಾನು ಏನು ತಿನ್ಲಿ? ರಸ್ತೆ ಪಕ್ಕ ಹುಲ್ಲು ಮೇಯ್ಲಾ?" ಲೆಕ್ಕ ಬರೆದ ರಟ್ಟನ್ನು ಆಚೆ ತಳ್ಳಿದ. "ಅರವತ್ತು ದಿನ ಇದೆ ಮಿಸೆಸ್ ಲಿನ್. ನನ್ನ ಹೆಂಡತಿ ನಡೀತಾಳೆ ಇನ್ನೂ."

ಆಕೆ ಸೌಟು ಒರೆಸಿ ಗಂಡನ ಕೈಗೆ ಕೊಟ್ಟರು. "ಇಷ್ಟು ವರ್ಷ ಬರ್ತೀರಿ. ನಾವೇನು ತಿಂತೀವಿ ಅಂತ ಒಂದು ದಿನ ಕೇಳಿದ್ದೀರಾ?"

"ಇದೇ ತಿನ್ನೋದಲ್ವಾ?"

"ಇದನ್ನಾ?" ಆಕೆ ಕೋಳಿ ಪಾತ್ರೆ ಕಡೆ ನೋಡಿ ಮುಖ ಸಿಂಡರಿಸಿದರು. "ಇದು ಮಾರೋದು, ದೊಡ್ಡಣ್ಣ. ತಿನ್ನೋದು ಬೇರೆ."

ಮೂರು ಗಂಟೆಗೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅವರ ಮನೆಯವರು ಹಿಂದಿನ ದುಂಡು ಮೇಜಿಗೆ ಕೂತು ತಮ್ಮ ಊಟ ಮಾಡುತ್ತಿದ್ದರು. ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಕುದಿನೀರಲ್ಲಿ ಅದ್ದಿ ತೆಗೆದ ಸೊಪ್ಪು, ಶುಂಠಿ ಹಾಕಿದ ಮೀನು, ಬಿಳಿ ಅನ್ನ. ಉಪ್ಪು ಹಾಕದೆ. ಸೋಯಾ ಮಧ್ಯೆ ಒಂದು ಬಟ್ಟಲಿನಲ್ಲಿ ಇರುತ್ತಿತ್ತು, ಬೇಕಾದವರು ಊಟದ ಕಡ್ಡಿಯ ತುದಿ ಮುಟ್ಟಿಸಿಕೊಳ್ಳಬೇಕು. ಆ ಮೇಜಿಗೆ ಗಿರಾಕಿಗಳನ್ನು ಕೂರಿಸುವ ಪದ್ಧತಿ ಇಲ್ಲ, ಅಲ್ಲಿ ತಿನ್ನುವವರು ಅಂಗಡಿಯಲ್ಲಿ ದುಡಿಯುವವರು. ಹಾಗಾಗಿ ಮಿಸೆಸ್ ಲಿನ್ ಒಂದು ಬುಟ್ಟಿ ಹಸಿರು ಬಟಾಣಿ ಕಾಯಿ ತಂದು ಮೈಲೊ ಮುಂದೆ ಇಟ್ಟರು. ನಾರು ಬಿಡಿಸಬೇಕು. ಬಿಡಿಸಿದರೆ ಅವನು ಆ ಮೇಜಿನವನು. ಆ ಒರಟು ಬೆರಳುಗಳಲ್ಲಿ ಅವನು ಒಂದೊಂದೇ ಕಾಯಿಯ ನಾರು ಎಳೆಯುತ್ತಿದ್ದ, ಇಂಜಿನ್ನಿನ ವೈರ್ ಎಳೆಯುವವನ ಹಾಗೆ. ನನಗೂ ಒಂದು ಬುಟ್ಟಿ.

"ಅಜ್ಜ ಹತ್ತು ಬಿಡಿಸೋದ್ರಲ್ಲಿ ದೊಡ್ಡಣ್ಣ ಐವತ್ತು ಬಿಡಿಸ್ತಾರೆ," ಎನ್ನುತ್ತಿದ್ದರು ಮಿಸೆಸ್ ಲಿನ್. "ಅಜ್ಜನಿಗೆ ಮೀನಿನ ಬಾಲ."

ಮೊದಲ ವಾರ ಬಿಸಿನೀರು ಕುಡಿದ ಹಾಗಿತ್ತು ಆ ಊಟ. ಎರಡನೇ ವಾರ ಮೊಟ್ಟೆಯ ರುಚಿ ತಿಳಿಯಿತು. ಒಂದು ದಿನ ಆ ಮಾತಾಡದ ಗಂಡ ಮೀನಿನ ಕೆನ್ನೆಯ ತುಂಡು ಬಿಡಿಸಿ ಮೈಲೊನ ಅನ್ನದ ಮೇಲೆ ಇಟ್ಟ. ಅದು ದೊಡ್ಡವರಿಗೆ ಕೊಡುವ ತುಂಡು. ಮೈಲೊ ತಲೆ ತಗ್ಗಿಸಿ ತಿಂದ. ಸಂಜೆಗೂ ಒಂದು ಡಬ್ಬ ಕಟ್ಟಿಕೊಡುತ್ತಿದ್ದರು, ವರ್ನಾಗೆ ಸೇರಿಸಿ.

ಈಗ ಕೇಳಿ. ಇಲ್ಲಿಂದ ನನ್ನ ಪಾಲು.

ಫೆಬ್ರವರಿ ಕೊನೆಯಲ್ಲಿ ಅವನಿಗೆ ಕಾಲು ಹಿಡಿಯಲು ಶುರುವಾಯಿತು, ಆ ಮೂತ್ರದ ಮಾತ್ರೆಯಿಂದಲೇ ಅಂತ ಆಮೇಲೆ ತಿಳಿಯಿತು. ಕ್ಲಚ್ ಒತ್ತುವ ಎಡಗಾಲು, ಮೀನಖಂಡ ಕಲ್ಲಾಗುತ್ತಿತ್ತು. ಒಂದು ಸಲ ಒಗಲಾಲಾ ಊರು ದಾಟಿದ ಮೇಲೆ ಅವನ ಗಾಡಿ ಪಕ್ಕದ ಸಾಲಿಗೆ ಸರಿದದ್ದನ್ನು ಹಿಂದಿನಿಂದ ನೋಡಿ ಹಾರ್ನ್ ಒತ್ತಿ ಹಿಡಿದೆ. ನಿಲ್ಲಿಸಿದಾಗ ಹೇಳಿದೆ. ನಾನೇ ಹೇಳಿದೆ, ಈ ನಾಲಿಗೆಯೇ: "ಅದಕ್ಕೆ ಔಷಧಿ ಯಾಕೋ? ಡಾರ್ಲಾ ಹತ್ರ ಹುಳಿನೀರು ಕೇಳು. ನಲವತ್ತು ವರ್ಷದಿಂದ ನಾನು ಅದನ್ನೇ ಕುಡಿಯೋದು. ಎರಡು ನಿಮಿಷದಲ್ಲಿ ಬಿಡುತ್ತೆ."

ಹುಳಿನೀರು ಏನೆಂದು ನಿಮಗೆ ಗೊತ್ತು. ಸೌತೆಕಾಯಿ ನೆನೆಸಿಟ್ಟ ದೊಡ್ಡ ಗಾಜಿನ ಜಾಡಿಯ ನೀರು. ನಮ್ಮ ರಸ್ತೆಯಲ್ಲಿ ಡ್ರೈವರುಗಳೆಲ್ಲ ಕುಡಿಯುತ್ತೇವೆ. ಅಂಗಡಿಯವರು ಚೆಲ್ಲುವ ಬದಲು ಪುಕ್ಕಟೆ ಕೊಡುತ್ತಾರೆ. ಬಾಯಿಗೆ ಹುಳಿ ಹೊಡೆಯುತ್ತದೆ. ಹುಳಿ ಅಷ್ಟೇ ನಮಗೆ ನೆನಪಿರುವುದು.

ಹೇಳಿದೆ, ಮರೆತೆ.

ಮಾರ್ಚ್ ಹದಿನಾಲ್ಕು, ನೂರಾ ಐವತ್ತೆಂಟು. ಮಾರ್ಚ್ ಇಪ್ಪತ್ತೊಂದು, ನೂರಾ ಐವತ್ತೊಂಬತ್ತು. ನದಿಯ ಹೊಲಗಳಲ್ಲಿ ಕೊಕ್ಕರೆಗಳು ಬಂದು ಇಳಿದು ಗಲಾಟೆ ಮಾಡುತ್ತಿದ್ದವು, ಜನ ಕಾರು ನಿಲ್ಲಿಸಿ ನೋಡುತ್ತಿದ್ದರು. ಮೈಲೊ ತಲೆ ಎತ್ತಿ ನೋಡಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅಂಕಿ ಅಲ್ಲಾಡಲಿಲ್ಲ.

ಮಿಸೆಸ್ ಲಿನ್‌ಗೆ ಸಿಟ್ಟು ಬಂತು. ಅದು ಅವರ ಊಟಕ್ಕೆ ಆದ ಅವಮಾನ. "ದೊಡ್ಡಣ್ಣ, ನೀವು ಕದ್ದು ತಿಂತಾ ಇದ್ದೀರಿ."

"ಇಲ್ಲ."

"ಚಿಪ್ಸ್?"

"ಇಲ್ಲ ಅಂದ್ನಲ್ಲ."

"ಪಕ್ಕದ ಅಂಗಡಿ ಸ್ಯಾಂಡ್‌ವಿಚ್? ಒಂದೇ ಒಂದು ತುಂಡು?"

"ವರ್ನಾ ಆಣೆ, ನಿಮ್ಮ ಅನ್ನ, ನನ್ನ ಓಟ್ಸ್ ಬಿಟ್ಟರೆ ನನ್ನ ಬಾಯಿಗೆ ಏನೂ ಹೋಗಿಲ್ಲ." ಸುಳ್ಳು ಹೇಳುತ್ತಿರಲಿಲ್ಲ ಅವನು. ನೀರನ್ನು ಯಾರಾದರೂ ತಿಂದದ್ದರ ಲೆಕ್ಕಕ್ಕೆ ಹಿಡಿಯುತ್ತಾರಾ?

ಆಕೆ ಮರುದಿನದಿಂದ ಮಧ್ಯದ ಸೋಯಾ ಬಟ್ಟಲನ್ನೂ ಎತ್ತಿಬಿಟ್ಟರು. ಮೈಲೊನ ಕಣ್ಣಿಗೆ ಬೀಳಬಾರದೆಂದು ಆ ಮನೆಯವರೆಲ್ಲ ಸಪ್ಪೆ ತಿಂದರು. ಮೈಲೊ ಬಟಾಣಿ ಬಿಡಿಸುತ್ತಾ ಒಂದು ದಿನ ಹೇಳಿದ, "ನನ್ನ ರಕ್ತಾನೇ ಹಾಳಾಗಿದೆ ಓರಿನ್. ಊಟದ್ದಲ್ಲ ತಪ್ಪು." ನಾನು ಅವನ ಬುಟ್ಟಿಯಿಂದ ಒಂದು ಹಿಡಿ ತೆಗೆದು ನನ್ನ ಬುಟ್ಟಿಗೆ ಹಾಕಿಕೊಂಡೆ.

ಏಪ್ರಿಲ್ ಮೂರು, ಶುಕ್ರವಾರ. ಈಸ್ಟರ್ ಹಬ್ಬದ ಮುಂಚಿನದು. ಅವತ್ತು ನಾನು ಸ್ವಲ್ಪ ತಡವಾಗಿ ಬಂದೆ, ಕಾಫಿಗೆಂದು ಡಾರ್ಲಾ ಅಂಗಡಿಗೆ ಹೊಕ್ಕೆ. ಮೈಲೊ ಕೌಂಟರಿಗೆ ಒರಗಿ ನಿಂತಿದ್ದ. ಡಾರ್ಲಾ ಜಾಡಿಯಿಂದ ದೊಡ್ಡ ಕಾಗದದ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವನು ತಲೆ ಹಿಂದಕ್ಕೆ ಎಸೆದು ಗಟಗಟ ಕುಡಿದ.

"ಎಷ್ಟು ಕುಡೀತೀಯೋ ದಿನಕ್ಕೆ?" ಸುಮ್ಮನೆ ಕೇಳಿದೆ.

"ಬೆಳಗ್ಗೆ ಒಂದು, ಈಗ ಒಂದು. ಈಗ ಕಾಲು ಹಿಡಿಯೋದೇ ಇಲ್ಲ ಕಣೋ. ನೀನು ಹೇಳಿದ ಒಂದು ಮಾತಾದ್ರೂ ಉಪಯೋಗಕ್ಕೆ ಬಂತು." ಬೆನ್ನು ತಟ್ಟಿದ.

ಜಾಡಿ ನನ್ನ ಮೊಣಕೈ ಹತ್ತಿರವೇ ಇತ್ತು. ಅದರ ಚೀಟಿ ಗೋಡೆ ಕಡೆಗೆ ತಿರುಗಿತ್ತು. ಯಾಕೆ ತಿರುಗಿಸಿದೆನೋ ಗೊತ್ತಿಲ್ಲ. ಎರಡು ತಿಂಗಳಿಂದ ಚೀಟಿ ಓದಿ ಓದಿ ಅಭ್ಯಾಸವಾಗಿತ್ತು. ಓದಿದೆ. ಒಂದು ಗುಟುಕಿಗೆ ಇಷ್ಟು ಎಂದು ಬರೆದಿತ್ತು. ಗುಟುಕಿನಿಂದ ಲೋಟಕ್ಕೆ ಲೆಕ್ಕ ಹಾಕಿದೆ. ಒಂದು ಲೋಟಕ್ಕೆ ಎರಡು ಸಾವಿರ ಮಿಲಿಗ್ರಾಂ ದಾಟುತ್ತದೆ. ಎರಡು ಲೋಟ. ಐದು ವಾರ.

"ಬೋರ್ಡಲ್ಲಿ ಅದು ಇಲ್ವಲ್ಲ ಬಂಗಾರ," ಎಂದಳು ಡಾರ್ಲಾ, ನನ್ನ ಮುಖ ನೋಡಿ ಹೆದರಿ. "ಅದು ಬರೀ ನೀರು ತಾನೇ?"

ನಾನು ಮೈಲೊಗೆ ಹೇಳಿದೆ. ಹೇಗೆ ಹೇಳಿದೆ, ಯಾವ ಪದ, ಅದು ಮಾತ್ರ ನೆನಪಿಲ್ಲ. ಬೇಕಾದರೆ ಇದನ್ನು ಹಿಡಿದು ನಗಿ. ಪಕ್ಕದ ಗೋಡೆಯಾಚೆ ಒಂದು ಕುಟುಂಬ ಅವನಿಗಾಗಿ ಉಪ್ಪು ಬಿಟ್ಟಿತ್ತು. ಗೋಡೆಯ ಈಚೆ ನಾನು ಲೋಟದಲ್ಲಿ ಉಪ್ಪು ಕುಡಿಸುತ್ತಿದ್ದೆ.

ಅವನು ಬೈದಿದ್ದರೆ, ಹೊಡೆದಿದ್ದರೆ ಒಳ್ಳೆಯದಿತ್ತು. ಖಾಲಿ ಲೋಟದ ಮೇಲೆ ಮುಚ್ಚಳ ಹಾಕಿದ, ಒತ್ತಿ ಸರಿಯಾಗಿ ಕೂರಿಸಿದ. "ಆರು ದಿನ ಇದೆ," ಎಂದ.

ಆ ಆರು ದಿನ ನೋಡಬಾರದು. ಹುಳಿನೀರು ನಿಂತ ಮರುದಿನವೇ ಕಾಲು ಹಿಡಿಯಿತು. ದಾರಿ ಬದಿಗೆ ಗಾಡಿ ನಿಲ್ಲಿಸಿ ಇಳಿದು, ಮೆಟ್ಟಿಲಿಗೆ ಪಾದ ಒತ್ತಿ ಹಿಡಿದು ಅವನು ಅಳುತ್ತಿದ್ದ. ದೊಡ್ಡ ಗಾಡಿಗಳು ಹಾದುಹೋಗುವ ಗಾಳಿಗೆ ಇಬ್ಬರೂ ಓಲಾಡುತ್ತಿದ್ದೆವು. "ಕೊಡಬೇಡ," ಎನ್ನುತ್ತಿದ್ದ. "ನಾನು ಕೇಳಿದ್ರೂ ಕೊಡಬೇಡ ಓರಿನ್. ಕಾಲು ಮುರಿದ್ರೂ ಕೊಡಬೇಡ." ಮಿಸೆಸ್ ಲಿನ್ ವಿಷಯ ಕೇಳಿ ನನ್ನನ್ನು ತಮ್ಮ ಭಾಷೆಯಲ್ಲಿ ಏನೇನೋ ಅಂದರು, ಅರ್ಥ ಕೇಳಲಿಲ್ಲ. ಆಮೇಲೆ ಬೇಯಿಸಿದ ಗೆಣಸು ತಂದಿಟ್ಟರು. ಅವರ ಗಂಡ ನೆಲದ ಮೇಲೆ ಕೂತು ಮೈಲೊನ ಕಾಲನ್ನು ತನ್ನ ತೊಡೆ ಮೇಲಿಟ್ಟುಕೊಂಡು ಯಾವುದೋ ಎಣ್ಣೆ ಹಾಕಿ ತಿಕ್ಕಿದ. ಮೂರು ದಿನ, ದಿನಾ ಅರ್ಧ ಗಂಟೆ.

ಅಂಕಿ ಇಳಿಯತೊಡಗಿತು. ಭಾನುವಾರ ನೂರಾ ಐವತ್ನಾಲ್ಕು. ಮಂಗಳವಾರ ನೂರಾ ನಲವತ್ತೊಂಬತ್ತು. ಬುಧವಾರ ನೂರಾ ನಲವತ್ತೈದು. ಓಡುವ ಗಾಡಿಯ ಹಿಂದೆ ಓಡಿದ ಹಾಗೆ ನಾವು ಅದರ ಹಿಂದೆ ಓಡಿದೆವು.

ಏಪ್ರಿಲ್ ಒಂಬತ್ತು, ಗುರುವಾರ, ಬೆಳಗ್ಗೆ ಹತ್ತಕ್ಕೆ ಪರೀಕ್ಷೆ. ವರ್ನಾ ತಮ್ಮ ಪಿಕಪ್ ಗಾಡಿಯಲ್ಲಿ ಕೂತಿದ್ದಳು, ಕೋಲು ಮಡಿಲಲ್ಲಿ. ನಾನು ಒಳಗೆ ಬೆಂಚಿನ ಮೇಲೆ. ಬಾಗಿಲು ಅರ್ಧ ತೆರೆದಿತ್ತು, ಎಲ್ಲ ಕೇಳಿಸುತ್ತಿತ್ತು.

ಮೊದಲ ಸಲ ನೂರಾ ನಲವತ್ತೆಂಟು.

"ಗಾಬರಿ ಆಗಿದ್ದೀರಿ ಮಿಸ್ಟರ್ ಶಿಮೆಕ್. ಹತ್ತು ನಿಮಿಷ ಸುಮ್ಮನೆ ಕೂತ್ಕೊಳ್ಳಿ," ಎಂದಳು ಆ ಹೆಂಗಸು. ಒಳ್ಳೆಯವಳು. ದೀಪ ಕೂಡ ಮಂಕು ಮಾಡಿದಳು.

ಎರಡನೇ ಸಲ ನೂರಾ ನಲವತ್ತನಾಲ್ಕು. ಇನ್ನೊಂದು ಕೈಗೆ ಕಟ್ಟಿದಳು. ನೂರಾ ನಲವತ್ತೆರಡು.

"ಮತ್ತೆ ಒತ್ತಿ," ಎಂದ ಮೈಲೊ.

ಒತ್ತಿದಳು. ನೂರಾ ನಲವತ್ತೆರಡು.

"ಮತ್ತೆ."

"ನಾನು ನೋಡಿದ್ದನ್ನ ಬರೀಬೇಕು ಮಿಸ್ಟರ್ ಶಿಮೆಕ್."

ನಾನು ಬಾಗಿಲು ತಳ್ಳಿ ಒಳನುಗ್ಗಿದೆ. "ಮೇಡಂ, ಅದು ಅವನದಲ್ಲ. ಆ ಎರಡು ಅಂಕ ನಂದು. ನಾನು ಹುಳಿನೀರು ಕುಡಿಸಿದ್ದೆ. ನನ್ನ ಕಾರ್ಡಿಂದ ಕಿತ್ಕೊಳ್ಳಿ, ತಗೊಳ್ಳಿ, ನನಗೆ ಎಪ್ಪತ್ತು, ನನಗೆ ಯಾಕೆ ಬೇಕು?" ಜೇಬಿನಿಂದ ನನ್ನ ಕಾರ್ಡ್ ತೆಗೆದು ಅವಳ ಮೇಜಿನ ಮೇಲೆ ಇಟ್ಟೆ.

ಅವಳು ಅದನ್ನು ನನ್ನ ಕಡೆ ಸರಿಸಿದಳು. ಅವಳ ಕಣ್ಣಲ್ಲೂ ನೀರಿತ್ತು ಅಂತ ಹೇಳಿದರೆ ನಂಬುವುದಿಲ್ಲ ನೀವು. "ಇಳೀತಾ ಇದೆ," ಎಂದಳು ಮೈಲೊಗೆ. "ಹತ್ತು ದಿನ ಬಿಟ್ಟು ಬನ್ನಿ. ಆಗ ಕೊಡ್ತೀನಿ. ಇವತ್ತು ನನ್ನ ಕೈಲಿ ಆಗಲ್ಲ."

ಹನ್ನೊಂದು ದಿನ ಬಿಟ್ಟು ಹೋದ. ನೂರಾ ಮೂವತ್ತೆರಡು. ಹೊಸ ಕಾರ್ಡ್ ಬಂತು.

ಆದರೆ ನಾಲ್ಕನೇ ದಿನವೇ ಅವನ ಗಾಡಿಗೆ ಬೇರೆಯವನು ಹತ್ತಿದ್ದ. ಮಾಂಸ ಕಾಯುವುದಿಲ್ಲ, ಕಂಪನಿಯೂ ಕಾಯಲಿಲ್ಲ. ಇನ್ಶೂರೆನ್ಸ್ ಆ ತಿಂಗಳ ಕೊನೆಗೆ ನಿಂತಿತು. ಮೇ ತಿಂಗಳಲ್ಲಿ ಮೈಲೊ ಇನ್ನೊಂದು ಕಂಪನಿ ಸೇರಿದ, ಅಲ್ಲಿ ಇನ್ಶೂರೆನ್ಸ್ ಸಿಗುವುದು ತೊಂಬತ್ತು ದಿನದ ಮೇಲೆ. ವರ್ನಾಳ ಔಷಧಿ ಮೂರು ಸಲ ತಪ್ಪಿತು. ಅರ್ಜಿ ಹಾಕಿದೆವು, ಫೋನ್ ಮಾಡಿದೆವು, ಚರ್ಚಿನವರು ಕೈಲಾದದ್ದು ಮಾಡಿದರು. ಜೂನ್ ಕೊನೆಯ ಒಂದು ಬೆಳಗ್ಗೆ ಅವಳು ಏಳಲು ಹೋದಾಗ ಎಡಗಾಲು ಏಳಲಿಲ್ಲ. ಔಷಧಿ ಮತ್ತೆ ಶುರುವಾದ ಮೇಲೂ ಆ ಕಾಲು ಬರಲಿಲ್ಲ. ಮುಂದಿನ ಒಂಬತ್ತು ವರ್ಷ ಗಾಲಿಕುರ್ಚಿ.

ನಾನು ಅವಳ ಮುಂದೆ ಹೋಗಿ ನಿಂತೆ. ನಿಲ್ಲಲೇಬೇಕಿತ್ತು. ಹುಳಿನೀರಿನ ಕಥೆ ಅವಳಿಗೆ ಮೈಲೊ ಹೇಳಿಯೇ ಇರಲಿಲ್ಲ, ನಾನೇ ಹೇಳಿದೆ. ಅವಳು ಗಾಲಿಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಅವನ ಕಾಲು ನೋಯ್ಬಾರ್ದು ಅಂತ ತಾನೇ ನೀನು ಹೇಳಿದ್ದು, ಓರಿನ್?"

ಅಷ್ಟೇ. ಅದಕ್ಕಿಂತ ಕೆಟ್ಟದಾಗಿ ನನ್ನನ್ನು ಯಾರೂ ಬೈದಿಲ್ಲ.

ವರ್ನಾ ಹೋಗಿ ಎರಡು ವರ್ಷವಾಗುತ್ತಾ ಬಂತು. ಮೈಲೊ ಇದ್ದಾನೆ, ಈಗಲೂ ಮೂರು ಗಂಟೆಗೆ ಆ ದುಂಡು ಮೇಜಿಗೆ ಹೋಗಿ ಬಟಾಣಿ ಬಿಡಿಸುತ್ತಾನಂತೆ. ನನ್ನ ಜೊತೆ ಮಾತಾಡುತ್ತಾನೆ, ಹವಾಮಾನ, ಡೀಸೆಲ್ ಬೆಲೆ. ಸ್ಯಾಂಡ್‌ವಿಚ್ ಒಳ್ಳೆಯದಾ ಚೀನೀ ಊಟ ಒಳ್ಳೆಯದಾ ಅಂತ ಮಾತ್ರ ನಾವು ಮತ್ತೆ ಜಗಳ ಆಡಿಲ್ಲ.

ಈಗ ಆ ಹೊಸ ಡ್ರೈವರ್ ಕೇಳಿಸಿಕೊಳ್ಳುತ್ತಿದ್ದಾನಾ ಇಲ್ಲವಾ ನನಗೆ ಗೊತ್ತಿಲ್ಲ. ಅವನು ಬರೆದದ್ದರಲ್ಲಿ ಕೊನೆಯ ಸಾಲು ನೀವ್ಯಾರೂ ಓದಿಲ್ಲ, ನಾನು ಓದಿದೆ: ತನ್ನ ಹತ್ತಿರ ಮೂರು ತಿಂಗಳ ಕಾರ್ಡ್ ಇದೆ ಎಂದು ಬರೆದಿದ್ದಾನೆ. ಅವನ ನಂಬರ್ ನನ್ನ ಬಳಿ ಇಲ್ಲ, ನಿಮ್ಮಲ್ಲಿ ಯಾರ ಬಳಿಯಾದರೂ ಇರುತ್ತದೆ. ನನ್ನ ನೆನಪಿನ ಬಗ್ಗೆ ಆಮೇಲೆ ಎಷ್ಟು ಬೇಕಾದರೂ ನಗಿ. ಮೊದಲು ಇದನ್ನು ಒತ್ತಿ ಹಿಡಿದು ಅವನಿಗೆ ಕಳಿಸಿ. ಅವನು ಇವತ್ತು ಮಧ್ಯಾಹ್ನ ಎಲ್ಲಿ ನಿಲ್ಲುತ್ತಾನೋ, ಆ ಜಾಡಿಯ ಮುಂದೆ ಕೈ ಚಾಚುವ ಮೊದಲು ಇದು ಅವನಿಗೆ ಮುಟ್ಟಲಿ. ಅವನ ಮನೆಯಲ್ಲಿ ಯಾರಿದ್ದಾರೋ ನಮಗೆ ಗೊತ್ತಿಲ್ಲ. ಕಳಿಸಿ.